ಬೈತಲೆ ಕೇಳಿ ಟೋಪಿ ತೊಡಿಸುವವರು

ಬೆಳಗಿನ ಐದೂವರೆ. ಆಸ್ಪತ್ರೆಯ ಹಿಂಬದಿಯ ಕಟ್ಟಡದಲ್ಲಿ ಒಂದೇ ಒಂದು ಕಿಟಕಿಯಲ್ಲಿ ಬೆಳಕಿದೆ. ಒಳಗೆ ಬಿಳಿ ಅರ್ಧತೋಳಿನ ಅಂಗಿ ತೊಟ್ಟವರೊಬ್ಬರು ಸ್ಟೀಲಿನ ಬೋಗುಣಿಯಲ್ಲಿ ಬೆಚ್ಚನೆ ನೀರು ತುಂಬಿ, ಜೆಲ್ ಟ್ಯೂಬುಗಳನ್ನು ಅದರಲ್ಲಿ ಮುಳುಗಿಸಿಟ್ಟಿದ್ದಾರೆ. ಆಗಾಗ ಒಂದನ್ನು ತೆಗೆದು, ಒರೆಸಿ, ಮಣಿಕಟ್ಟಿನ ಒಳಬದಿಗೆ ಒತ್ತಿ ನೋಡುತ್ತಾರೆ. ಮಗುವಿನ ಹಾಲಿನ ಬಿಸಿ ನೋಡುವುದೂ ಹೀಗೆಯೇ. "ತಣ್ಣಗಿರೋ ಜೆಲ್ ನೆತ್ತಿಗೆ ತಾಗಿದ್ರೆ ವಯಸ್ಸಾದವರು ಬೆಚ್ಚಿಬೀಳ್ತಾರೆ ಸಾರ್. ಒಂದ್ಸಲ ಬೆಚ್ಚಿದ್ರೆ ಮುಗೀತು, ಆಮೇಲೆ ಯಾರು ಹೇಳಿದ್ರೂ ಕೂರಲ್ಲ" ಎನ್ನುತ್ತಾರೆ. ಮಾತಾಡುತ್ತಲೇ ಕುರ್ಚಿಯ ಬೆನ್ನನ್ನು ಟವೆಲಿನಿಂದ ಎರಡು ಸಲ ಜಾಡಿಸುತ್ತಾರೆ. ಅಲ್ಲಿ ಧೂಳೇನೂ ಇಲ್ಲ.

ಆರು ಗಂಟೆಗೆ ಮೊದಲನೆಯವರು ಬರುತ್ತಾರೆ. ನಿವೃತ್ತ ಶಾಲಾ ಟೀಚರ್, ಎಪ್ಪತ್ನಾಲ್ಕು ವರ್ಷ, ಜೊತೆಗೆ ಮಗಳು. ತಾವು ಎಲ್ಲಿದ್ದೇವೆಂದು ಟೀಚರಿಗೆ ಗೊತ್ತಿಲ್ಲ. ಕೂತರೆ ಏಳುತ್ತಾರೆ, ಎದ್ದರೆ ಬಾಗಿಲ ಕಡೆ ನಡೆಯುತ್ತಾರೆ. ಮಗಳು ಕೈ ಹಿಡಿದರೆ "ಬಿಡಮ್ಮ, ನೀನ್ಯಾರು?" ಎಂದು ಕೊಸರಿಕೊಳ್ಳುತ್ತಾರೆ. ಬಿಳಿ ಅಂಗಿಯವರು ಅವಸರ ಮಾಡುವುದಿಲ್ಲ. ಜೇಬಿನಿಂದ ಬಾಚಣಿಗೆ ತೆಗೆದು, ಕುರ್ಚಿಯ ಹಿಂದೆ ನಿಂತು, ಅಂಗಡಿಗೆ ಬಂದವರನ್ನು ಕೇಳುವಂತೆ ಕೇಳುತ್ತಾರೆ: "ಬೈತಲೆ ಎಲ್ಲಿ ತೆಗೀಲಿ ಅಮ್ಮ?"

ಟೀಚರ್ ನಿಲ್ಲುತ್ತಾರೆ. "ಎಡಕ್ಕೆ. ನೆಟ್ಟಗೆ ಬರಬೇಕು. ಸೊಟ್ಟ ಬಂದ್ರೆ ಮತ್ತೆ ತೆಗೆಸ್ತೀನಿ." ಹೇಳಿ, ಬಂದು ಕೂತುಬಿಡುತ್ತಾರೆ. ಮಗಳು ನನ್ನ ಕಡೆ ತಿರುಗಿ, "ನನ್ನ ಹೆಸರು ಕೇಳಿದ್ರೆ ಪಕ್ಕದ ಮನೆಯವಳು ಅಂತಾರೆ. ಬೈತಲೆ ಮಾತ್ರ ನೆನಪಿದೆ ನೋಡಿ" ಎಂದು ನಕ್ಕು, ಆಮೇಲೆ ಕಣ್ಣೊರೆಸಿಕೊಳ್ಳುತ್ತಾರೆ.

ನಿಜ ಹೇಳಬೇಕೆಂದರೆ ನಾನು ಇಲ್ಲಿಗೆ ಬಂದದ್ದು ಕಂಪ್ಯೂಟರ್ ನೋಡಲು. ಮರೆವಿನ ಕಾಯಿಲೆಯ ಒಬ್ಬೊಬ್ಬರ ಮಿದುಳಿಗೂ ಕಂಪ್ಯೂಟರಿನಲ್ಲಿ ಒಂದೊಂದು ಪ್ರತಿ ಕಟ್ಟುತ್ತಾರಂತೆ, ಹೋಗಿ ನೋಡಿಕೊಂಡು ಬಾ ಎಂದು ಸಂಪಾದಕರು ಅಟ್ಟಿದ್ದರು. ಬಂದವನು ಗಾಜಿನ ಬಾಗಿಲಾಚೆ ಒಂದು ಬೆನ್ನನ್ನು ಕಂಡು ನಿಂತುಬಿಟ್ಟೆ. ಬಾಗಿ, ಎಡಗೈಯ ಎರಡು ಬೆರಳಿನಿಂದ ಕೂತವರ ತಲೆಯನ್ನು ಒಂದಿಷ್ಟೇ ಓರೆ ಮಾಡಿ, ಒಂದು ಹೆಜ್ಜೆ ಹಿಂದೆ ಸರಿದು ನೋಡುವ ಆ ಭಂಗಿಯನ್ನು ನಾನು ಎಲ್ಲಿ ಕಂಡರೂ ಗುರುತು ಹಿಡಿಯುತ್ತೇನೆ. ಅವರು ನಮ್ಮ ಬೀದಿಯ ಸಲೂನಿನ ಸಣ್ಣಣ್ಣ. ತಿರುಗಿ ನೋಡಿದವರು ನನ್ನ ಮುಖಕ್ಕಿಂತ ಮೊದಲು ನನ್ನ ನೆತ್ತಿ ನೋಡಿದರು. "ಇದೇನ್ ಸಾರ್ ಹೀಗ್ ಮಾಡ್ಕೊಂಡಿದೀರಾ? ನಾವು ಕೊಟ್ಟಾಗ ಚೆನ್ನಾಗೇ ಇತ್ತಲ್ಲ!"

ಆ ಸಲೂನಿನ ಬಗ್ಗೆ ನಾಲ್ಕು ಮಾತು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ, ಸಂಪಾದಕರು ಬೇಕಾದರೆ ಕತ್ತರಿಸಿಕೊಳ್ಳಲಿ. ಎರಡು ಕುರ್ಚಿ. ಎದುರೂ ಕನ್ನಡಿ, ಹಿಂದೂ ಕನ್ನಡಿ. ಮಕ್ಕಳಿಗೆಂದು ಕುರ್ಚಿಯ ಕೈಗಳ ಮೇಲೆ ಅಡ್ಡ ಇಡುವ ಒಂದು ಹಲಗೆ. ಆ ಹಲಗೆಯಿಂದ ನೇರ ಕುರ್ಚಿಗೆ ಬಡ್ತಿ ಸಿಕ್ಕಿದ ದಿನ ನಾನು ಮನೆಗೆ ಎದೆ ಉಬ್ಬಿಸಿಕೊಂಡು ಹೋಗಿದ್ದೆ. ಬೆಂಚಿನ ಮೇಲೆ ಕಾಯುವವರು ಒಂದೇ ಪೇಪರನ್ನು ಹಾಳೆ ಹಾಳೆ ಮಾಡಿ ಹಂಚಿಕೊಂಡು ಓದುತ್ತಿದ್ದರು. ಪಟಿಕದ ವಾಸನೆ, ಸೋಪಿನ ನೊರೆ, ರಬ್ಬರ್ ಚೆಂಡು ಒತ್ತಿದರೆ ಪುಸ್ ಎನ್ನುವ ನೀರಿನ ಬಾಟಲಿ. ಬಾಗಿಲ ಕಡೆಯ ಕುರ್ಚಿ ಅಣ್ಣನದು, ಅವರನ್ನು ಊರೆಲ್ಲ ದೊಡ್ಡಣ್ಣ ಎನ್ನುತ್ತಿತ್ತು. ಒಳಗಿನದು ತಮ್ಮನದು. ದೊಡ್ಡಣ್ಣನ ಬಾಯಲ್ಲಿ ಮಾತೇ ಇಲ್ಲ, ಸಣ್ಣಣ್ಣನ ಬಾಯಿಗೆ ಬಿಡುವೇ ಇಲ್ಲ. ಈಗ ಅಲ್ಲಿ ಮೊಬೈಲ್ ಕವರ್ ಮಾರುತ್ತಾರೆ. ನಾನು ಆ ಬೀದಿ ತಪ್ಪಿಸಿ ಸುತ್ತಿಕೊಂಡು ಹೋಗುತ್ತೇನೆ.

ಇಲ್ಲಿ ಸಣ್ಣಣ್ಣನ ಕೆಲಸ ಹೀಗಿದೆ. ಈಜುಗಾರರ ಟೋಪಿಯಂಥ ಬಟ್ಟೆಯ ಟೋಪಿ, ಅದರಲ್ಲಿ ಅರವತ್ತನಾಲ್ಕು ತೂತು, ಪ್ರತಿ ತೂತಿಗೂ ಒಂದು ಲೋಹದ ಗುಂಡಿ, ಗುಂಡಿಗೊಂದು ತಂತಿ. ಮಿದುಳು ಸುಮ್ಮನಿದ್ದಾಗಲೂ ಒಳಗೊಳಗೇ ಗುನುಗುತ್ತಿರುತ್ತದೆ, ಆ ಗುನುಗನ್ನು ಗುಂಡಿಗಳು ಕೇಳಿಸಿಕೊಳ್ಳಬೇಕು. ಅದಕ್ಕೆ ಪ್ರತಿ ಗುಂಡಿಯ ಕೆಳಗೂ ಕೂದಲು ಸರಿಸಿ, ಚರ್ಮ ಕಾಣುವಂತೆ ಮಾಡಿ, ಮೊನೆಯಿಲ್ಲದ ಸಿರಿಂಜಿನಿಂದ ಕಾಳಿನಷ್ಟು ಜೆಲ್ ಬಿಡಬೇಕು. ಪರದೆಯ ಮೇಲೆ ಕೆಂಪು ಚುಕ್ಕೆ ಹಸಿರಾದರೆ ಒಂದು ಮುಗಿಯಿತು, ಇನ್ನು ಅರವತ್ತಮೂರು. ಒಂದು ತಲೆಗೆ ನಲವತ್ತು ನಿಮಿಷ. ಆಮೇಲೆ ಕಣ್ಣು ಮುಚ್ಚಿ, ನಿದ್ದೆ ಮಾಡದೆ, ಅಲ್ಲಾಡದೆ ಹತ್ತು ನಿಮಿಷ. ಬೆಳಗಿನ ಹೊತ್ತು ಈ ಕಾಯಿಲೆಯವರು ಸಮಾಧಾನದಲ್ಲಿರುತ್ತಾರೆಂದು ಹನ್ನೊಂದರೊಳಗೆ ಮೂರು ತಲೆ, ವಾರಕ್ಕೆ ಮೂರು ದಿನ. ಐದು ವರ್ಷದಲ್ಲಿ ಎರಡು ಸಾವಿರ ದಾಟಿದೆ. "ದಿನಕ್ಕೆ ಮೂರು ಜನಕ್ಕೆ ಟೋಪಿ ಹಾಕ್ತೀನಿ ಸಾರ್. ಇವತ್ತಿನವರೆಗೆ ಒಬ್ಬರೂ ಪೊಲೀಸ್ ಕಂಪ್ಲೇಂಟ್ ಕೊಟ್ಟಿಲ್ಲ."

ಟೋಪಿಯಿಂದ ಬಂದ ಗುನುಗು ಗೆರೆಗಳಾಗಿ ಪಕ್ಕದ ಕೋಣೆಯ ಪರದೆಗೆ ಹೋಗುತ್ತದೆ. ಅಲ್ಲಿ ಕೂರುವ ಯುವತಿಯನ್ನು ಸಣ್ಣಣ್ಣ 'ಲೆಕ್ಕದ ಮೇಡಂ' ಎನ್ನುತ್ತಾರೆ. ಅವರು ಮಾಡುವುದನ್ನು ನನಗೆ ಅರ್ಥವಾದಷ್ಟು ಹೇಳುತ್ತೇನೆ. ಸ್ಕ್ಯಾನ್ ಮಾಡಿದರೆ ಒಬ್ಬರ ಮಿದುಳಿನಲ್ಲಿ ಯಾವ ಭಾಗದಿಂದ ಯಾವ ಭಾಗಕ್ಕೆ ದಾರಿಯಿದೆ, ಎಷ್ಟು ಅಗಲದ ದಾರಿಯಿದೆ ಎಂದು ತಿಳಿಯುತ್ತದೆ. ಅದೇ ನಕ್ಷೆಯನ್ನು ಕಂಪ್ಯೂಟರಿನಲ್ಲಿ ಹಾಕಿ, ಒಂದೊಂದು ಭಾಗಕ್ಕೂ ಒಂದೊಂದು ಗುನುಗು ಕೊಟ್ಟು ಬಿಡುತ್ತಾರೆ. ಕಂಪ್ಯೂಟರಿನ ಗುನುಗು ಟೋಪಿಯಿಂದ ಬಂದ ಗುನುಗಿಗೆ ಹೋಲುವವರೆಗೆ ಇಲ್ಲಿ ಒಂಚೂರು ಬಿಗಿ ಮಾಡು, ಅಲ್ಲಿ ಒಂಚೂರು ಸಡಿಲ ಮಾಡು ಎಂದು ತಿದ್ದುತ್ತ ಹೋಗುತ್ತಾರೆ. ಎಲ್ಲಿ ಎಷ್ಟು ತಿದ್ದಬೇಕಾಯಿತೋ ಅದು ಆ ಮನುಷ್ಯನ ತೊಂದರೆಯ ಜಾಗವನ್ನು ತೋರಿಸುತ್ತದೆ. ಇದೇ ಕೊನೆಯ ತೀರ್ಪಲ್ಲ, ಡಾಕ್ಟರಿಗೆ ಇದೊಂದು ಸಾಕ್ಷಿ. "ಮರೆವು ಅಂತ ಒಂದೇ ಹೆಸರು. ಒಬ್ಬೊಬ್ಬರಲ್ಲಿ ಒಂದೊಂದು ಥರ. ಎಲ್ಲರ ಸರಾಸರಿ ತೆಗೆದ್ರೆ ಯಾರದ್ದೂ ಅಲ್ಲದ ಮಿದುಳು ಬರುತ್ತೆ" ಎಂದರು ಲೆಕ್ಕದ ಮೇಡಂ. ಹಿಂದಿನಿಂದ ಸಣ್ಣಣ್ಣ, "ಇಬ್ಬರಿಗೆ ಒಂದೇ ಕಟಿಂಗ್ ಹೊಂದಲ್ಲ ಅಂತ ನಮ್ಮಣ್ಣ ಯಾವತ್ತೋ ಹೇಳಿದ್ದ. ಇವರು ಅದಕ್ಕೆ ಅಷ್ಟು ವರ್ಷ ಓದಿದಾರೆ" ಎಂದು ಗೊಣಗಿದರು. ಮೇಡಂ ನಕ್ಕರು. ದಿನಾ ನಡೆಯುವ ಜಗಳದಂತೆ ಕಂಡಿತು.

ಸಣ್ಣಣ್ಣ ಮೊದಲು ಇಲ್ಲಿಗೆ ಬಂದದ್ದು ಒಂದು ದಿನದ ಮಟ್ಟಿಗೆ. ಐದು ವರ್ಷದ ಹಿಂದೆ ಒಬ್ಬ ಹಿರಿಯರು ತಲೆ ಮುಟ್ಟಿದವರಿಗೆಲ್ಲ ಕೈ ಬೀಸುತ್ತಿದ್ದರು. ಕ್ಷೌರಕ್ಕಾದರೆ ಕೂರುತ್ತಾರೆ ಎಂದು ಅವರ ಹೆಂಡತಿ ಹೇಳಿದ್ದಕ್ಕೆ ಆಸ್ಪತ್ರೆಯವರು ಹತ್ತಿರದ ಸಲೂನಿಗೆ ಹೇಳಿಕಳಿಸಿದರು. ಸಣ್ಣಣ್ಣ ಜೇಬಿನಲ್ಲಿ ಬಾಚಣಿಗೆ ಇಟ್ಟುಕೊಂಡು ಬಂದರು, ಹಿರಿಯರು ಕೂತರು. ವಾರಕ್ಕೆ ಮೂರು ಬೆಳಗು ಬರುತ್ತೀರಾ ಎಂದರು ಮರೆವಿನ ಕಾಯಿಲೆ ನೋಡುವ ಡಾಕ್ಟರಮ್ಮ. ತಾವು ಅಂಗಡಿಗೆ ಹೋಗುವುದು ಮಧ್ಯಾಹ್ನವಾದರೂ ಅಣ್ಣ ನೋಡಿಕೊಳ್ಳುತ್ತಾನೆ ಎಂಬ ಧೈರ್ಯದಲ್ಲಿ ಒಪ್ಪಿಕೊಂಡರು. ಮೊದಲ ವಾರವೇ ಒಂದು ಅನಾಹುತ. ಟೋಪಿ ಹಾಕುವ ಮೊದಲು, ಬಂದವರು ಲಕ್ಷಣವಾಗಿ ಕಾಣಲಿ ಎಂದು ಮೂವರ ತಲೆಗೂ ಎಣ್ಣೆ ಹಚ್ಚಿ, ತಟ್ಟಿ, ನೀಟಾಗಿ ಬಾಚಿಬಿಟ್ಟಿದ್ದರು. ಎಣ್ಣೆ ಇದ್ದಲ್ಲಿ ಗುಂಡಿಗೆ ಏನೂ ಕೇಳಿಸುವುದಿಲ್ಲ. ಅರವತ್ತನಾಲ್ಕೂ ಕೆಂಪು. ಲೆಕ್ಕದ ಮೇಡಂ ಯಂತ್ರ ಕೆಟ್ಟಿದೆಯೆಂದು ಇಡೀ ದಿನ ತಂತಿ ಬಿಚ್ಚಿ ಹಾಕಿದರಂತೆ. ಸಂಜೆ ಒಬ್ಬ ರೋಗಿಯ ಮೊಮ್ಮಗಳು ತಾತನ ತಲೆ ಎಷ್ಟು ಮಿಂಚುತ್ತಿದೆ ಎಂದಾಗ ಗುಟ್ಟು ರಟ್ಟಾಯಿತು. "ಮೂವತ್ತೈದು ವರ್ಷದ ಕೈ ಸಾರ್. ಬರಗಾಲದ ತಲೆ ನೋಡಿದ್ರೆ ತಾನಾಗೇ ಎಣ್ಣೆ ಬಾಟ್ಲಿಗೆ ಹೋಗುತ್ತೆ."

ಅದೇ ಕೈ ಲೆಕ್ಕದ ಮೇಡಂಗೆ ಒಂದು ಉಪಕಾರವನ್ನೂ ಮಾಡಿದೆ. ಒಬ್ಬ ಮಹಿಳೆಯ ಮಿದುಳಿನ ಪ್ರತಿ ವಿಚಿತ್ರವಾಗಿ ವರ್ತಿಸುತ್ತಿತ್ತು, ಎರಡೂ ಕಿವಿಯ ಮೇಲ್ಗಡೆ ಭಾರೀ ಗದ್ದಲ. ಇದೇನೋ ಹೊಸದು ಎಂದು ಮೇಡಂ ಎರಡು ವಾರ ತಲೆ ಕೆಡಿಸಿಕೊಂಡಿದ್ದರು. "ಆಯಮ್ಮ ಹಲ್ಲು ಕಚ್ಕೊಂಡು ಕೂತಿದ್ರು ಮೇಡಂ" ಎಂದರು ಸಣ್ಣಣ್ಣ. ಗದ್ದಲ ದವಡೆಯ ಸ್ನಾಯುವಿನದು, ಮಿದುಳಿನದಲ್ಲ. ದವಡೆ ಬಿಗಿದರೆ ಕ್ಷೌರದ ಕತ್ತಿ ಓಡುವುದಿಲ್ಲವಾದ್ದರಿಂದ ಇವರ ಬೆರಳಿಗೆ ಅದು ಮೊದಲು ತಿಳಿಯುತ್ತದೆ. ಅಂದಿನಿಂದ ಸಣ್ಣಣ್ಣ 'ಹೂಂ' ಎನ್ನದೆ ರೆಕಾರ್ಡಿಂಗ್ ಶುರುವಾಗುವುದಿಲ್ಲ. ಅವರ ಹೆಸರು ಯಾವ ವರದಿಯಲ್ಲೂ ಇಲ್ಲ. ಕೇಳಿದರೆ, "ಕನ್ನಡಿ ಮೇಲೆ ಯಾರಾದ್ರೂ ನನ್ನ ಹೆಸರು ಬರೆದಿದ್ರಾ?" ಎಂದು ತಿರುಗಿ ಕೇಳುತ್ತಾರೆ.

ಇನ್ನು ಮುಂದಿನದನ್ನು ಅವರು ಮೊದಲ ಮೂರು ಭೇಟಿಯಲ್ಲಿ ನನಗೆ ಹೇಳಲಿಲ್ಲ. ನಾಲ್ಕನೆಯ ಸಲ, ಕೆಲಸ ಮುಗಿಸಿ ಟೋಪಿ ತೊಳೆದು ಹರವುತ್ತ, ನಾನು ಕೇಳದೆಯೇ ಹೇಳಿದರು.

ಎರಡು ವರ್ಷದ ಹಿಂದೆ ದೊಡ್ಡಣ್ಣ ಒಬ್ಬ ಹಳೆಯ ಗಿರಾಕಿಗೆ ಕಟಿಂಗ್ ಮುಗಿಸಿ, ಬಟ್ಟೆ ಜಾಡಿಸಿ, ಮತ್ತೆ ಹೊದಿಸಿ, ಮೊದಲಿನಿಂದ ಶುರು ಮಾಡಿದರು. ಗಿರಾಕಿ ಪಾಪ, ಎರಡನೆಯ ಸಲವೂ ಮುಗಿಯುವವರೆಗೆ ತಲೆ ಬಗ್ಗಿಸಿ ಕೂತಿದ್ದು, ಹೋಗುವಾಗ ಸಣ್ಣಣ್ಣನ ಭುಜ ಮುಟ್ಟಿ ಹೋದರು. "ಆ ಮುಟ್ಟಿದ್ದರಲ್ಲೇ ನಂಗೆ ಗೊತ್ತಾಯ್ತು ಸಾರ್. ಅಷ್ಟು ಜನಕ್ಕೆ ಟೋಪಿ ಹಾಕ್ತೀನಿ, ಪಕ್ಕದ ಕುರ್ಚೀದು ಕಾಣಲಿಲ್ಲ." ಮೂರು ತಿಂಗಳಲ್ಲಿ ಅಂಗಡಿ ಮುಚ್ಚಿತು. ಹೆಂಡತಿ ತೀರಿಕೊಂಡು ಒಂಟಿಯಾಗಿದ್ದ ಅಣ್ಣನನ್ನು ತಮ್ಮ ತನ್ನ ಮನೆಗೆ ಕರೆತಂದರು. ಅಣ್ಣನಿಗೆ ಈಗ ಎಪ್ಪತ್ತೊಂದು.

ಈ ವರ್ಷದ ಮೊದಲಲ್ಲಿ ಕಾಟ ಹೆಚ್ಚಾಯಿತು. ದೊಡ್ಡಣ್ಣನಿಗೆ ಮನೆಯ ಗೋಡೆಯುದ್ದಕ್ಕೂ ಬೆಂಚು, ಬೆಂಚಿನ ತುಂಬ ಗಿರಾಕಿಗಳು ಕಾಣತೊಡಗಿದರು. "ಇಷ್ಟು ಜನ ಕಾಯ್ತಿದಾರೆ, ನೀವೆಲ್ಲ ಸುಮ್ನೆ ಕೂತಿದೀರಲ್ಲ" ಎಂದು ರೇಗಾಡುವುದು, ತಡೆದವರನ್ನು ನೂಕುವುದು. ಸಣ್ಣಣ್ಣನ ಹೆಂಡತಿ ಒಮ್ಮೆ ಬಾಗಿಲಿಗೆ ಬಡಿದುಕೊಂಡು ಬಿದ್ದರು. ಡಾಕ್ಟರಮ್ಮ ಶಾಂತವಾಗಿಸುವ ಒಂದು ಮಾತ್ರೆಯ ಮಾತೆತ್ತಿದರು, ಆದರೆ ಬರೆಯಲು ಹಿಂದೆಮುಂದೆ ನೋಡಿದರು. ಇದು ಸಾಮಾನ್ಯವಾಗಿ ಕಾಣುವ ಮರೆವಾದರೆ ಮಾತ್ರೆ ಕೊಟ್ಟು ನೋಡಬಹುದು. ಇನ್ನೊಂದು ಬಗೆಯದಾದರೆ ಅದೇ ಮಾತ್ರೆ ಕೈಕಾಲನ್ನು ಮರಗಟ್ಟಿಸಿ ಮನುಷ್ಯನನ್ನು ಹಾಸಿಗೆಗೆ ಹಾಕಬಹುದು. ಯಾವುದೆಂದು ಹೇಳಲು ರೆಕಾರ್ಡಿಂಗ್ ಬೇಕು, ಆ ತಲೆಯದೇ ಕಂಪ್ಯೂಟರ್ ಪ್ರತಿ, ಅಂದರೆ ಮಾಡೆಲ್ ಬೇಕು. ಸ್ಕ್ಯಾನ್ ಹೋದ ವರ್ಷವೇ ಆಗಿತ್ತು. ಬಾಕಿ ಇದ್ದದ್ದು ಟೋಪಿಯ ಹತ್ತು ನಿಮಿಷ ಮಾತ್ರ.

ಆ ಹತ್ತು ನಿಮಿಷ ಮೂರು ಸಲ ಕೈಕೊಟ್ಟಿತು. ದೊಡ್ಡಣ್ಣ ಕೋಣೆಗೆ ಬಂದವರೇ ನೇರ ಕುರ್ಚಿಯ ಹಿಂದೆ ಹೋಗಿ ನಿಂತರು. ಟವೆಲ್ ತೆಗೆದುಕೊಂಡು ಜಾಡಿಸಿದರು. "ಬನ್ನಿ, ಕೂತ್ಕೊಳ್ಳಿ" ಎಂದು ಡಾಕ್ಟರಮ್ಮನನ್ನೇ ಕರೆದರು. ಐವತ್ತು ವರ್ಷ ಕುರ್ಚಿಯ ಹಿಂದೆ ನಿಂತವರು, ಅವರನ್ನು ಮುಂದೆ ಕೂರಿಸುವುದು ಹೇಗೆ? ಬೈತಲೆಯ ಪ್ರಶ್ನೆ ಕೇಳಿದರೆ "ನಾನು ಕೇಳಬೇಕು ಅದನ್ನ, ನೀನಲ್ಲ" ಎಂದು ಗದರಿದರು. ಮಲಗಿಸಿ ಮಾಡಿದರೆ ನಿದ್ದೆ ಹೋಗುತ್ತಾರೆ, ನಿದ್ದೆಯ ಗುನುಗೇ ಬೇರೆ, ಲೆಕ್ಕಕ್ಕೆ ಬಾರದು. "ಊರಿನವರ ತಲೆಯೆಲ್ಲ ಕೂತ್ವು, ನಮ್ಮನೆ ತಲೆ ಕೂರಲಿಲ್ಲ. ನಾಚಿಕೆ ಆಯ್ತು ಸಾರ್, ಅಳೂನೂ ಬಂತು. ರೆಕಾರ್ಡಿಂಗ್ ಇಲ್ಲದೇನೇ ಮಾತ್ರೆ ಕೊಡಬೇಕಾಗುತ್ತೋ ಏನೋ ಅಂತ ಒಂದು ವಾರ ಅನ್ನ ಸೇರಲಿಲ್ಲ."

ದಾರಿ ಹೇಳಿದ್ದು ಸಣ್ಣಣ್ಣನ ಹೆಂಡತಿ. ಬಟ್ಟೆ ಮಡಿಸುತ್ತ ಇದ್ದಕ್ಕಿದ್ದಂತೆ, "ರಜೆ ಹಿಂದಿನ ರಾತ್ರಿ ಅಂಗಡೀಲಿ ನಿಮ್ಮಿಬ್ಬರ ಕಟಿಂಗ್ ಆಗ್ತಿತ್ತಲ್ಲ, ಯಾರು ಮೊದಲು ಕೂರ್ತಿದ್ರಿ?" ಎಂದರು.

ಮೊದಲು ತಮ್ಮ. ಯಾವಾಗಲೂ ತಮ್ಮ. ಬಂದವರೆಲ್ಲರದ್ದೂ ಮುಗಿಯದೆ ದೊಡ್ಡಣ್ಣ ಕುರ್ಚಿಯಲ್ಲಿ ಕೂತವರಲ್ಲ, ತಮ್ಮನದೂ ಆದ ಮೇಲೆ ಅಂಗಡಿಯ ಕೊನೆಯ ತಲೆ ಅವರದು. ಅಂದರೆ ಅಣ್ಣನನ್ನು ಕೂರಿಸಬೇಕಾದರೆ ತಾನು ಮೊದಲು ಅಣ್ಣನ ಕೈಗೆ ತಲೆ ಕೊಡಬೇಕು. ಡಾಕ್ಟರಮ್ಮ ಕತ್ತರಿ ಎಂದ ಕೂಡಲೇ ಬೆಚ್ಚಿದರು. ಕೊನೆಗೆ ಮೊನೆ ಮೊಂಡಾದ, ಶಾಲೆಮಕ್ಕಳು ಕಾಗದ ಕತ್ತರಿಸುವ ಕತ್ತರಿಗೆ ಒಪ್ಪಿದರು. "ಕಿವಿ ಹೋದ್ರೆ ನಂದೇ ಹೋಗುತ್ತೆ ಡಾಕ್ಟರಮ್ಮ, ಎರಡಿದಾವೆ" ಎಂದರಂತೆ ಸಣ್ಣಣ್ಣ.

ಹೀಗೆ ಒಂದು ಬೆಳಗ್ಗೆ ಆರೂವರೆಗೆ ಸಣ್ಣಣ್ಣ ತಮ್ಮದೇ ಕುರ್ಚಿಯಲ್ಲಿ ಕೂತರು. ದೊಡ್ಡಣ್ಣ ಟವೆಲ್ ಹೊದಿಸಿದರು, ಕುತ್ತಿಗೆಯ ಹಿಂದೆ ಸಿಕ್ಕಿಸಿದರು. ಎರಡು ಬೆರಳಿನಿಂದ ತಲೆ ಒಂದಿಷ್ಟು ಓರೆ ಮಾಡಿದರು. ಕತ್ತರಿ ಕೂದಲನ್ನು ಕಡಿಯುತ್ತಿರಲಿಲ್ಲ, ಜಗಿಯುತ್ತಿತ್ತು. ಆದರೂ ದೊಡ್ಡಣ್ಣ ರೇಗಲಿಲ್ಲ. ಗಾಜಿನಾಚೆ ಲೆಕ್ಕದ ಮೇಡಂ, ಡಾಕ್ಟರಮ್ಮ ಉಸಿರು ಬಿಗಿಹಿಡಿದು ನಿಂತಿದ್ದರು. ನೆತ್ತಿಗೆ ಬಂದಾಗ ದೊಡ್ಡಣ್ಣ ನಿಲ್ಲಿಸಿ ಬೆರಳಾಡಿಸಿದರು.

"ಎರಡು ಸುಳಿ ಇದಾವಲ್ಲ ನಿಮಗೆ. ನಮ್ಮ ತಮ್ಮನಿಗೂ ಹಿಂಗೇ. ಎಷ್ಟು ಬಾಚಿದ್ರೂ ನಿಲ್ಲಲ್ಲ, ಅವನ ಥರಾನೇ."

ಸಣ್ಣಣ್ಣ ತಲೆ ಅಲ್ಲಾಡಿಸದೆ, ಯಾರೋ ಗಿರಾಕಿಯ ಹಾಗೆ ಕೇಳಿದರು: "ಎಲ್ಲಿ ನಿಮ್ಮ ತಮ್ಮ? ಕಾಣ್ತಿಲ್ಲ."

"ಕತ್ತರಿ ಸಾಣೆ ಹಿಡಿಸೋಕೆ ಹೋಗಿದಾನೆ. ಇದು ಮೊಂಡಾಗಿದೆ ನೋಡಿ. ಈಗ ಬರ್ತಾನೆ."

ಮುಗಿಸಿ, ಟವೆಲ್ ಜಾಡಿಸಿ, ಅಂಗಡಿ ಬಾಗಿಲು ಹಾಕುವವರ ನಿಟ್ಟುಸಿರು ಬಿಟ್ಟು, ದೊಡ್ಡಣ್ಣ ತಾವಾಗಿ ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿದರು. ಅರವತ್ತನಾಲ್ಕು ಗುಂಡಿ ಹಸಿರಾಗಲು ಐವತ್ತು ನಿಮಿಷ ಬೇಕಾಯಿತು, ಸಣ್ಣಣ್ಣನ ಕಣ್ಣು ಮಂಜಾಗಿತ್ತು ಎಂಬ ಕಾರಣಕ್ಕೆ. ರೆಕಾರ್ಡಿಂಗ್ ಹನ್ನೊಂದು ನಿಮಿಷ, ಒಂದು ಹಲ್ಲು ಕಚ್ಚಿದ ಗುರುತೂ ಇಲ್ಲ. ಈ ಕೋಣೆಯಲ್ಲಿ ಇಷ್ಟು ಶುದ್ಧವಾದದ್ದು ಇನ್ನೊಂದಿಲ್ಲ ಎಂದು ಲೆಕ್ಕದ ಮೇಡಂ ನನಗೆ ತೋರಿಸಿದರು. ನನಗೆ ಅದು ಬರೀ ಗೆರೆಯಾಗಿ ಕಂಡಿತು, ಆದರೂ ಬಹಳ ಹೊತ್ತು ನೋಡಿದೆ.

ಮಾಡೆಲ್ ಕಟ್ಟಲು ಹತ್ತು ದಿನ ಹಿಡಿಯಿತು. ಗುನುಗು ಹೊಂದಿಸಬೇಕಾದರೆ ಹಿಂದಲೆಯ ಕಡೆಯ, ಅಂದರೆ ನೋಟಕ್ಕೆ ಸೇರಿದ ಭಾಗಗಳನ್ನೇ ಹೆಚ್ಚು ನಿಧಾನ ಮಾಡಬೇಕಾಯಿತಂತೆ. ನೆನಪಿನ ಕಡೆಯ ದಾರಿಗಳು ಅಂದುಕೊಂಡಷ್ಟು ಹಾಳಾಗಿರಲಿಲ್ಲ. ಡಾಕ್ಟರಮ್ಮ ಅದನ್ನೂ ಕೈಕಾಲಿನ ಪರೀಕ್ಷೆಯನ್ನೂ ಜೊತೆಗಿಟ್ಟು ನೋಡಿ, ಇದು ಆ ಇನ್ನೊಂದು ಬಗೆಯದೇ ಎಂದರು. ಮಾತ್ರೆಯ ಚೀಟಿ ಬರೆಯಲಿಲ್ಲ. ಬೇರೆ ಒಂದು ಔಷಧಿ ಸಣ್ಣ ಪ್ರಮಾಣದಲ್ಲಿ ಶುರುವಾಗಿದೆ. ಕಾಯಿಲೆ ವಾಸಿಯಾಗುವುದಲ್ಲ, ಅದನ್ನು ಡಾಕ್ಟರಮ್ಮನೂ ಹೇಳಿದ್ದಾರೆ, ಸಣ್ಣಣ್ಣನೂ ಒಪ್ಪಿಕೊಂಡಿದ್ದಾರೆ. ಗೋಡೆಯುದ್ದದ ಬೆಂಚಿನ ಮೇಲೆ ಗಿರಾಕಿಗಳು ಈಗಲೂ ಬಂದು ಕೂರುತ್ತಾರೆ. ಅಣ್ಣ ರೇಗುವ ಮೊದಲೇ ಸಣ್ಣಣ್ಣನ ಹೆಂಡತಿ ಖಾಲಿ ಗೋಡೆಗೆ ಕೈಮುಗಿದು, "ಇವತ್ತು ಅಂಗಡಿ ರಜೆ, ನಾಳೆ ಬನ್ನಿ" ಎಂದು ಎಲ್ಲರನ್ನೂ ಕಳಿಸಿಬಿಡುತ್ತಾರೆ.

ಅಣ್ಣ ನಿಮ್ಮನ್ನು ಗುರುತು ಹಿಡಿಯುವುದಿಲ್ಲವಲ್ಲ, ನೋವಾಗುವುದಿಲ್ಲವೇ ಎಂದು ನಾನು ಕೇಳಬಾರದ್ದನ್ನು ಕೇಳಿದೆ. ಸಣ್ಣಣ್ಣ ಟೋಪಿಯ ಕೊನೆಯ ತಂತಿಯನ್ನು ಸುರುಳಿ ಸುತ್ತಿಟ್ಟು, ಕೈ ಒರೆಸಿಕೊಂಡು ಹೇಳಿದರು.

"ಮೊದಮೊದಲು ಮನೆಗೆ ಹೋದ್ರೆ, ಯಾರು ನೀವು, ಏನು ಬೇಕು ಅಂತಿದ್ದ ಸಾರ್. ಎದೆ ಒಡೆದು ಹೋಗೋದು. ಈಗ ಬಾಗಿಲಲ್ಲೇ ನಿಂತು, ಅಣ್ಣ, ಸಾಣೆ ಹಿಡಿಸ್ಕೊಂಡು ಬಂದೆ ಅಂತೀನಿ. ಎಷ್ಟೊತ್ತೋ ನಿಂಗೆ, ಎಲ್ಲಿ ಹರಟೆ ಹೊಡೀತಾ ನಿಂತಿದ್ದೆ ಅಂತ ಬೈತಾನೆ. ಆ ಮಾತ್ರೆ ನುಂಗಿಸಿದ್ರೆ ಬೈಯೋಕೆ ನಾಲಗೆನೂ ಏಳ್ತಿರಲಿಲ್ಲವೇನೋ. ದಿನಕ್ಕೊಂದ್ಸಲ ಬೈಸ್ಕೊಂಡು ಒಳಗೆ ಹೋಗ್ತೀನಿ ಸಾರ್. ಅವನು ಬೈಯೋಷ್ಟು ದಿನ ನಾನು ಸಣ್ಣೋನೇ."